ಜರ್ಮನಿಯ ಗ್ಯೋಟಿಂಗನ್‌ನಲ್ಲಿ ಪೋಸ್ಟ್‌ಡಾಕ್ ಸಿಕ್ಕಿದೆ, 2 ವರ್ಷಕ್ಕೆ ಸಂಸಾರ ಸಮೇತ ಬರಬಹುದಾ?

ತುಂಗಾತೀರ: ಎಲ್ಲರಿಗೂ ನಮಸ್ಕಾರ. ಗ್ಯೋಟಿಂಗನ್ ಯೂನಿವರ್ಸಿಟಿಯಲ್ಲಿ ಸೆಲ್ ಬಯಾಲಜಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನೆ) ಕೆಲಸ ಸಿಕ್ಕಿದೆ. ಟಿವಿ-ಎಲ್ ಇ13 (ಅಲ್ಲಿನ ರಾಜ್ಯ ಸರ್ಕಾರಿ ನೌಕರರ ಒಂದು ಸಂಬಳ ಶ್ರೇಣಿ), ಪೂರ್ತಿ ಸಂಬಳ, 2 ವರ್ಷದ ಕಾಂಟ್ರಾಕ್ಟ್. ಯಜಮಾನರದ್ದು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳಿಗೆ 6 ವರ್ಷ. ಪಿಎಚ್‌ಡಿ ಆದ ಮೇಲೆ ಬೆಂಗಳೂರಲ್ಲೇ 3 ವರ್ಷ ರಿಸರ್ಚ್ ಮಾಡಿದ್ದೇನೆ, ಅದು ಲೆಕ್ಕಕ್ಕೆ ಬರುತ್ತಾ? ಸಹಿ ಹಾಕೋ ಮುಂಚೆ ಏನು ಕೇಳಬೇಕು? ನಿದ್ದೆ ಬರ್ತಿಲ್ಲ.

ಎಲ್ಬೆ ದಂಡೆ: ಅಭಿನಂದನೆ! ಮೊದಲು ಜರ್ಮನ್ ಕಲಿಯಿರಿ. ಶುರುವಿನ ಎ1 ಮಟ್ಟ ಸಾಲದು, ಓಡಾಟಕ್ಕೆ ಸಾಕಾಗುವ ಬಿ1 ಮಟ್ಟ ಬೇಕು. ಉಳಿದಿದ್ದೆಲ್ಲ ಆಮೇಲೆ.

ಹಾಸನ–ಹೈಡಲ್‌ಬರ್ಗ್: ಮೇಡಂ, ಮೊದಲು ಸಂಬಳದ ಸ್ಟೂಫೆ (ಅನುಭವ ನೋಡಿ ಕೊಡುವ ಮೆಟ್ಟಿಲು) ಕೇಳಿ. 3 ವರ್ಷದ ಸಂಬಂಧಪಟ್ಟ ಅನುಭವ ಇದ್ದರೆ ಸಾಮಾನ್ಯವಾಗಿ 3ನೇ ಸ್ಟೂಫೆ ಕೊಡುತ್ತಾರೆ. ಸುಮ್ನೆ ಇದ್ದರೆ 1ಕ್ಕೆ ಹಾಕಿಬಿಡಬಹುದು. ತಿಂಗಳಿಗೆ ನೂರಾರು ಯೂರೋ ವ್ಯತ್ಯಾಸ, ಸಹಿ ಆದ ಮೇಲೆ ಸರಿಮಾಡಿಸೋದು ಕಷ್ಟ. ಎರಡನೇದು, ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳಿ. ಪ್ರಾಜೆಕ್ಟ್ ಗ್ರಾಂಟ್ ಆದರೆ ಗ್ರಾಂಟ್ ಮುಗಿದಾಗ ಕೆಲಸವೂ ಮುಗಿಯುತ್ತೆ. ಇಲ್ಲದಿದ್ದರೆ ಪಿಎಚ್‌ಡಿ ನಂತರ ತಾತ್ಕಾಲಿಕ ಕಾಂಟ್ರಾಕ್ಟ್‌ಗಳಿಗೆ ಒಟ್ಟು 6 ವರ್ಷದ ಮಿತಿ. ಮಗು ಇದ್ದರೆ ಇನ್ನೂ 2 ವರ್ಷ ಸಿಗುವ ಅವಕಾಶ ಉಂಟು. ಯಜಮಾನರಿಗೆ ಫ್ಯಾಮಿಲಿ ವೀಸಾದಲ್ಲೇ ಕೆಲಸ ಮಾಡಬಹುದು.

ಕಿತ್ತೂರು ಹುಲಿ: ಬರಲೇಬೇಡಿ ಅಂತೀನಿ. ಇಲ್ಲಿ 4ನೇ ಕ್ಲಾಸಿಗೇ ಮಕ್ಕಳನ್ನ ಬೇರೆ ಬೇರೆ ಶಾಲೆಗೆ ವಿಂಗಡಿಸ್ತಾರೆ. ಜರ್ಮನ್ ಬರದ ಮಗು ಹಿಂದೆ ಬೀಳುತ್ತೆ. ಪ್ರೊಫೆಸರ್ ಆಗೋ ಕನಸಲ್ಲಿ ನಮ್ಮವರು ವಯಸ್ಸು ಕಳೀತಾರೆ. ಊರಲ್ಲೇ ಐಸರ್, ಐಐಟಿಗೆ ಅರ್ಜಿ ಹಾಕಿ!

ಬರ್ಲಿನ್ ಅಕ್ಕ: ಎಲ್ಲಾ ಕಡೆ 4 ಅಲ್ಲ ರೀ, ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಲ್ಲಿ 6. ನನ್ನ ಮಗ ಒಂದಕ್ಷರ ಜರ್ಮನ್ ಇಲ್ಲದೆ ಬಂದವನು, ಈಗ ಗಿಮ್ನಾಸಿಯಂನಲ್ಲಿದ್ದಾನೆ, ಅಂದ್ರೆ ಯೂನಿವರ್ಸಿಟಿಗೆ ತಯಾರು ಮಾಡೋ ಹೈಸ್ಕೂಲ್!

ಕಿತ್ತೂರು ಹುಲಿ: ನಿಮ್ಮ ಮಗ ಒಬ್ಬ ಓದಿದ ಅಂತ ಎಲ್ಲರೂ ಓದ್ತಾರಾ?

ಮಲೆನಾಡು ಮಳೆ: ಓದು ಹೇಗೋ ಆಗುತ್ತೆ. ನನ್ನ ಮಕ್ಕಳು ಅಜ್ಜಿ ಫೋನ್ ಮಾಡಿದರೆ ಹಲೋ ಅಂದು ನನ್ನ ಕೈಗೆ ಕೊಡ್ತಾರೆ. ಮನೇಲಿ ಕನ್ನಡ ಬಿಡಬೇಡಿ, ಅಷ್ಟೇ.

ಹಾಸನ–ಹೈಡಲ್‌ಬರ್ಗ್: ಗ್ಯೋಟಿಂಗನ್‌ನಲ್ಲಿ ಹಾಗೆ ವಿಂಗಡಿಸದೆ ಎಲ್ಲರಿಗೂ ಒಟ್ಟಿಗೆ ಕಲಿಸುವ ಗೆಸಾಮ್ಟ್‌ಶೂಲೆ ಅನ್ನೋ ಶಾಲೆಯೂ ಇದೆ. 2011ರಲ್ಲಿ ಅಲ್ಲಿನ ಒಂದಕ್ಕೆ ಜರ್ಮನ್ ಶಾಲಾ ಪ್ರಶಸ್ತಿ ಬಂದಿತ್ತು. ಇನ್ನು ಪ್ರೊಫೆಸರ್ ದಾರಿಯೊಂದೇ ಅಲ್ಲ ಅಲ್ವಾ? ಮೈಕ್ರೋಸ್ಕೋಪ್ ಸೆಂಟರ್, ಡೇಟಾ ನೋಡಿಕೊಳ್ಳೋ ಹುದ್ದೆಗಳಲ್ಲಿ ಕೆಲವೊಮ್ಮೆ ಪರ್ಮನೆಂಟ್ ಸಿಗುತ್ತೆ. ಬಯೋಟೆಕ್‌ಗೆ ಸಾರ್ಟೋರಿಯಸ್ ಕಂಪನಿ ಅದೇ ಊರಲ್ಲಿದೆ. ಅಣ್ಣ, ಫಿಸಿಕ್ಸ್‌ನವರ ಕಷ್ಟ ಬಯಾಲಜಿಯವರ ಮೇಲೆ ಹೇರಬೇಡಿ.

ಕಿತ್ತೂರು ಹುಲಿ: ನಾನು ಫಿಸಿಕ್ಸ್ ಅಲ್ಲ, ಕೆಮಿಸ್ಟ್ರಿ!

ಎಲ್ಬೆ ದಂಡೆ: ಕಂಪನಿ ಕೆಲಸಕ್ಕೂ ಜರ್ಮನ್ ಬೇಕು.

ಬರ್ಲಿನ್ ಅಕ್ಕ: ಅನ್ಯಾಯ ಇದೆ ಅನ್ನೋದು ನಿಜ. 2021ರಲ್ಲಿ ಇಲ್ಲಿನ ಸಂಶೋಧಕರೇ ತಾತ್ಕಾಲಿಕ ಕಾಂಟ್ರಾಕ್ಟ್‌ಗಳ ವಿರುದ್ಧ ‘ಇಶ್ ಬಿನ್ ಹನ್ನಾ’ (ನಾನೇ ಹನ್ನಾ) ಅಂತ ಟ್ವಿಟರ್‌ನಲ್ಲಿ ಗಲಾಟೆ ಎಬ್ಬಿಸಿದ್ದರು. ಆದರೂ ಆರೋಗ್ಯ ವಿಮೆ, ಪಿಂಚಣಿ ಇರೋ ಕೆಲಸ ಇದು, ಜೊತೆಗೆ ಕಿಂಡರ್‌ಗೆಲ್ಡ್ (ಮಕ್ಕಳಿಗೆ ಸರ್ಕಾರ ಕೊಡೋ ದುಡ್ಡು) ಸಿಗುತ್ತೆ.

ತುಂಗಾತೀರ: ಥ್ಯಾಂಕ್ಸ್ ಎಲ್ಲರಿಗೂ. ಸ್ಟೂಫೆ ಕೇಳೋಕೆ ಹಳೇ ಲ್ಯಾಬ್‌ನ ಪತ್ರ ಇಂಗ್ಲಿಷ್‌ನಲ್ಲಿದ್ದರೆ ಸಾಕಾ?

ಹಾಸನ–ಹೈಡಲ್‌ಬರ್ಗ್: ಸಾಮಾನ್ಯವಾಗಿ ಸಾಕು. ಸೇರಿದ ತಾರೀಕು, ಬಿಟ್ಟ ತಾರೀಕು, ವಾರಕ್ಕೆ ಎಷ್ಟು ಗಂಟೆ, ಏನು ಕೆಲಸ, ಇಷ್ಟು ಇರಲಿ. ಲೆಟರ್‌ಹೆಡ್ ಮೇಲೆ ಸಹಿ ಹಾಕಿಸಿ ಈ ವಾರವೇ ಎಚ್‌ಆರ್‌ಗೆ ಕಳಿಸಿ.