ಮನೆ ಕೊಳ್ಳುವ ಮೊದಲು ಸರ್ವೆ ಮಾಡಿಸಿದವರು ಅನುಭವ ಹೇಳಿ (ಗ್ರಾಮಠಾಣಾ ಮನೆ, ಅಳತೆ ಆಗ್ತಾ ಇಲ್ಲ)

ಹೊಸಿಲು_83:
ಎಲ್ಲರಿಗೂ ನಮಸ್ಕಾರ. ಊರಂಚಿನಲ್ಲಿ ಒಂದು ಹಳೇ ಹೆಂಚಿನ ಮನೆ ನೋಡಿದ್ದೇವೆ. ಗ್ರಾಮಠಾಣಾ ಜಾಗ, ಅಂದರೆ ಊರಿನ ಮನೆಗಳಿರುವ ವಾಸದ ಜಾಗ. ಪತ್ರದಲ್ಲಿ ಪೂರ್ವ ಪಶ್ಚಿಮ 40 ಅಡಿ, ಉತ್ತರ ದಕ್ಷಿಣ 60 ಅಡಿ ಅಂತಿದೆ. ನಾನೂ ತಮ್ಮನೂ ಟೇಪ್ ಹಿಡಿದು ಅಳೆದೆವು. ರಸ್ತೆ ಕಡೆ 40 ಸರಿಯಾಗಿ ಬಂತು, ಹಿತ್ತಲ ಕಡೆ 37 ಮಾತ್ರ. 3 ಲಕ್ಷ ಅಡ್ವಾನ್ಸ್ ಕೊಟ್ಟಾಗಿದೆ. ಸರ್ವೆ ಆಫೀಸಿನಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸಿ ಕೊಡಲು) ಕೇಳಿದರೆ ಗ್ರಾಮಠಾಣಾಕ್ಕೆ ಸರ್ವೆ ನಂಬರ್ ಇಲ್ಲ, ಪಂಚಾಯಿತಿಗೆ ಹೋಗಿ ಅಂದರು. ಪಂಚಾಯಿತಿಯಲ್ಲಿ ಮಾಲೀಕರೇ ಅರ್ಜಿ ಕೊಡಬೇಕು ಅಂದರು. ಮಾಲೀಕರು "ನಮ್ಮಪ್ಪನ ಕಾಲದಿಂದ ಇರೋ ಜಾಗ, ಅಳೆಯೋದೇನಿದೆ" ಅಂತಾರೆ. ಯಾರ ಹತ್ತಿರ ಅಳತೆ ಮಾಡಿಸಬೇಕು? ಪಕ್ಕದವರನ್ನು ಕರೆಯಲೇಬೇಕಾ? ಎಷ್ಟು ದಿನ ಹಿಡಿಯುತ್ತೆ?

ನಿವೃತ್ತ_ಮೇಷ್ಟ್ರು:
ನಿಮ್ಮದು ಓದಿ ನನ್ನ ಗಾಯ ಮತ್ತೆ ಕೆದಕಿದ ಹಾಗಾಯಿತು. 2019ರಲ್ಲಿ ನಿವೃತ್ತಿ ದುಡ್ಡಿನಲ್ಲಿ ತೋಟದ ಮನೆ ಸಮೇತ 8 ಗುಂಟೆ ಮಾತಾಡಿದೆ. ಇಡೀ ಸರ್ವೆ ನಂಬರು 2 ಎಕರೆ 10 ಗುಂಟೆ. ಪಹಣಿಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿತ್ತು. ಅದರಲ್ಲಿ 8 ಗುಂಟೆ ಬಿಡಿಸಿ ಬರೆಸಿಕೊಳ್ಳಲು 11ಇ ನಕ್ಷೆ (ಮಾರುವ ಭಾಗವನ್ನು ಬೇರೆ ಮಾಡಿ ತೋರಿಸುವ ಸರ್ವೆ ನಕ್ಷೆ) ಬೇಕೇ ಬೇಕು. ಸರ್ವೆ ಇಲಾಖೆಯ ಅರ್ಜಿ ವ್ಯವಸ್ಥೆಯಾದ ಮೋಜಿಣಿಯಲ್ಲಿ ಅರ್ಜಿ ಹಾಕಿಸಿದೆ.

ಮೊದಲ ತಾರೀಖಿಗೆ ಮಳೆ. ಗದ್ದೆ ಬದು ಕಾಣಿಸುತ್ತಿರಲಿಲ್ಲ, ಸರ್ವೇಯರ್ ವಾಪಸ್ ಹೋದರು. ಎರಡನೇ ತಾರೀಖಿಗೆ ಮೂರನೇ ತಮ್ಮ ಬರಲೇ ಇಲ್ಲ. ಅವನ ಹೆಂಡತಿ ಬಾಗಿಲು ಹಾಕಿಕೊಂಡು ಒಳಗಿದ್ದರು. ಮೂರನೇ ಸಲ ಅಳೆದರು. ಆಗ ಗೊತ್ತಾಯಿತು, ಪಹಣಿಯಲ್ಲಿ 2 ಎಕರೆ 10 ಇದ್ದರೆ ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದಿನಲ್ಲಿ ಇರುವುದು 2 ಎಕರೆ 4. ಆರು ಗುಂಟೆ ಅಂದರೆ 6,534 ಚದರ ಅಡಿ. ಅಷ್ಟು ನೆಲ ಕಾಗದದಲ್ಲಿ ಮಾತ್ರ ಇತ್ತು! ಆ ಕೊರತೆ ಯಾರ ಪಾಲಿಗೆ ಅಂತ ಅಣ್ಣತಮ್ಮಂದಿರು ಅಲ್ಲೇ ಬದುವಿನ ಮೇಲೆ ಜಗಳಕ್ಕೆ ನಿಂತರು.

ಒಟ್ಟು ಏಳು ತಿಂಗಳು. ಕಾರಿನ ಬಾಡಿಗೆ ಸಲಕ್ಕೆ 1,400ರಂತೆ ಹನ್ನೊಂದು ಸಲ. ಬಾಂದು ಕಲ್ಲು ನೆಡಲು ಆಳು 2,600. ಮಧ್ಯದವರಿಗೆ ಕೊಟ್ಟಿದ್ದನ್ನು ಇಲ್ಲಿ ಬರೆಯಲ್ಲ. ಆದರೂ ಅಳತೆ ಆಗದೆ ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ. ಇವತ್ತು ಆ ಜಾಗದಲ್ಲಿ ಕೂತು ಕಾಫಿ ಕುಡಿಯುತ್ತಿದ್ದೇನೆ.

ಟೋಟಲ್_ಸ್ಟೇಷನ್:
ಸರ್ಕಾರಿ ಸರ್ವೆ ಅಂತ ಕಾಯುತ್ತಾ ಕೂತರೆ ಮನೆ ಬೇರೆಯವರ ಪಾಲಾಗುತ್ತೆ. ನಾನು ಖಾಸಗಿ ಸರ್ವೇಯರ್ ಕರೆಸಿದೆ. ಟೋಟಲ್ ಸ್ಟೇಷನ್ ಅನ್ನೋ ಅಳತೆ ಯಂತ್ರ ಇಟ್ಟು ಎರಡೂವರೆ ಗಂಟೆಯಲ್ಲಿ ಮುಗಿಸಿದರು. ಫೀಸು 9,000, ಹುಡುಗರ ಊಟ 480, ಮಾರನೇ ದಿನ ನಕ್ಷೆ ಕೈಯಲ್ಲಿ. ಎರಡೂವರೆ ಅಡಿ ಅಗಲ, 60 ಅಡಿ ಉದ್ದ ಪಕ್ಕದವರ ಕಾಂಪೌಂಡ್ ಒಳಗೆ ಹೋಗಿತ್ತು. 150 ಚದರ ಅಡಿ. ನಮ್ಮ ಕಡೆ ರೇಟು 4,200. ಲೆಕ್ಕ ಹಾಕಿದರೆ 6 ಲಕ್ಷ 30 ಸಾವಿರ. ನಕ್ಷೆ ಮುಂದಿಟ್ಟೆ, ಮಾಲೀಕರು 3 ಲಕ್ಷ ಇಳಿಸಿದರು. 9,000 ಖರ್ಚು ಮಾಡಿ 3 ಲಕ್ಷ ಉಳಿಸಿದ್ದೇನೆ. ನಿಮಗೂ 180 ಚದರ ಅಡಿ ಕಡಿಮೆ ಇದೆ, ರೇಟಿನಿಂದ ಗುಣಿಸಿ ಕೇಳಿ.

ಕೋರ್ಟು_ಕಂಡವ:
180 ಅಲ್ಲ. ಮುಂದೆ 40, ಹಿಂದೆ 37 ಇದ್ದರೆ ಅದು ಓರೆಯಾಗಿ ಸಣ್ಣದಾಗುವ ಜಾಗ. ಮೂರಡಿಯ ಅರ್ಧ ಒಂದೂವರೆ, ಇಂಟು 60, 90 ಚದರ ಅಡಿ. ಲೆಕ್ಕ ಬಾರದವರು ಸಲಹೆ ಕೊಡಬೇಡಿ.

ಇನ್ನು ಖಾಸಗಿ ನಕ್ಷೆ ವಿಷಯ. ನಾನೂ ಹಾಗೇ ಮಾಡಿಸಿದ್ದೆ, 11,500 ಕೊಟ್ಟು. ಮನೆ ತಗೊಂಡು ಎಂಟು ತಿಂಗಳಿಗೆ ಪಕ್ಕದವರು ದಾವೆ ಹಾಕಿದರು. "ಇದನ್ನು ಅಳೆಯುವಾಗ ನಮ್ಮನ್ನು ಕರೆದಿಲ್ಲ" ಅಂದರು. ನಿಜ, ಕರೆದಿರಲಿಲ್ಲ. ನನ್ನ ನಕ್ಷೆಗೆ ಬೆಲೆಯೇ ಸಿಗಲಿಲ್ಲ. ಕೋರ್ಟು ತನ್ನ ಕಡೆಯಿಂದ ಕಮಿಷನರ್ ನೇಮಿಸಿತು, ಅವರು ಇಬ್ಬರನ್ನೂ ನಿಲ್ಲಿಸಿ ಮತ್ತೆ ಅಳೆದರು. ಆ ಫೀಸೂ ನಾನೇ ಕಟ್ಟಿದೆ. ಇನ್ನೊಂದು ಮಾತು. ಪತ್ರದ ಅಳತೆಗೂ ಚೆಕ್ಕುಬಂದಿಗೂ (ನಾಲ್ಕು ದಿಕ್ಕಿಗೆ ಏನಿದೆ ಅನ್ನುವ ಗಡಿ ವಿವರ) ಹೊಂದದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಯೇ ನಿಲ್ಲುತ್ತೆ. "ಪಶ್ಚಿಮಕ್ಕೆ ಇಂಥವರ ಗೋಡೆ" ಅಂತ ಬರೆದಿದ್ದರೆ ಗೋಡೆ ಎಲ್ಲಿದೆಯೋ ಅಲ್ಲಿಗೇ ನಿಮ್ಮ ಜಾಗ ಮುಗಿಯಿತು. ನನ್ನ ಪತ್ರದಲ್ಲಿ ಹಾಗೇ ಇತ್ತು. ನಾನು ಓದಿರಲಿಲ್ಲ. ಐದು ವರ್ಷವಾಯಿತು, ಇನ್ನೂ ತಾರೀಖಿಗೆ ಹೋಗುತ್ತಿದ್ದೇನೆ.

ಟೋಟಲ್_ಸ್ಟೇಷನ್:
ಪಕ್ಕದವರನ್ನು ಕರೆಯದೆ ಅಳೆಸಿದ್ದು ನಿಮ್ಮ ತಪ್ಪು, ಖಾಸಗಿ ಸರ್ವೆಯ ತಪ್ಪಲ್ಲ. ನಾನು ಪಕ್ಕದವರ ಮನೆಗೆ ಹೋಗಿ, ಹಣ್ಣು ಕೊಟ್ಟು, "ಬಂದು ನಿಂತುಕೊಳ್ಳಿ ಅಣ್ಣ" ಅಂತ ಕರೆದಿದ್ದೆ. ಬಂದು ನಿಂತರು, ನಕ್ಷೆಯ ಹಿಂದೆ ಸಹಿಯನ್ನೂ ಹಾಕಿದರು.

ಕೋರ್ಟು_ಕಂಡವ:
ನಿಮ್ಮ ಪಕ್ಕದವರು ಒಳ್ಳೆಯವರು, ನಿಮ್ಮ ಪುಣ್ಯ. ನನ್ನ ಪಕ್ಕದವರು ಟೇಪ್ ನೋಡಿದರೇ ಕಲ್ಲು ಎತ್ತುತ್ತಿದ್ದರು. ಹಣ್ಣು ತಗೊಂಡು ಹೋಗಬೇಕಿತ್ತು ಅಂತ ನನಗೆ ಹೇಳಬೇಡಿ.

ಪರವಾನಗಿ_ಸರ್ವೇಯರ್:
ನಾನು 14 ವರ್ಷದಿಂದ ಪರವಾನಗಿ ಭೂಮಾಪಕ. ಎಲ್ಲರೂ ಸರ್ವೇಯರ್ ಬರಲಿಲ್ಲ, ಸರ್ವೇಯರ್ ತಡ ಮಾಡಿದ ಅಂತೀರಿ. ನಮಗೆ ಸಂಬಳ ಇಲ್ಲ, ಫೈಲಿಗೆ ಇಷ್ಟು ಅಂತ ದುಡ್ಡು. ಪೆಟ್ರೋಲ್ ನಮ್ಮದೇ. ನೋಟಿಸ್ ಕೊಟ್ಟು ಹೋದರೆ ಅರ್ಜಿದಾರರೇ ಸ್ಥಳದಲ್ಲಿ ಇರಲ್ಲ. ಮೇಷ್ಟ್ರೇ, ಮಳೆಗಾಲದಲ್ಲಿ ಗದ್ದೆ ಅಳೆಯಿರಿ ಅಂದರೆ ಸರಪಳಿ ಎಲ್ಲಿ ಇಡಬೇಕು?

ಹಳೇ ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ) ಅಳೆದಿದ್ದು 33 ಅಡಿ ಸರಪಳಿಯಲ್ಲಿ. ಅದರಲ್ಲಿ 16 ಆಣೆ, ಒಂದು ಆಣೆ ಅಂದರೆ ಎರಡು ಅಡಿ ಮುಕ್ಕಾಲು ಇಂಚು. ಅವತ್ತು ಆಣೆ ಲೆಕ್ಕದಲ್ಲಿ ಬರೆದಿದ್ದನ್ನು ಇವತ್ತು ಇಂಚಿಗೆ ಸರಿ ಹೊಂದಿಸಿ ಅಂದರೆ ಯಾವ ಯಂತ್ರ ಇಟ್ಟರೂ ಹೊಂದಲ್ಲ. ಅದೂ ಜಮೀನಿನ ಮಾತು. ಗ್ರಾಮಠಾಣಾ ಒಳಗಿನ ಮನೆಗಳಿಗೆ ಅಷ್ಟು ಟಿಪ್ಪಣಿಯೂ ಇರಲ್ಲ.

ನಿವೃತ್ತ_ಮೇಷ್ಟ್ರು:
ಸರ್, ಕಷ್ಟ ಅರ್ಥವಾಗುತ್ತೆ. ಆದರೆ ಮಳೆ ಬರುತ್ತೆ ಅಂತ ಗೊತ್ತಿದ್ದೂ ಜುಲೈ ತಿಂಗಳ ತಾರೀಖು ಕೊಟ್ಟಿದ್ದು ನಾನಲ್ಲ. ನನಗೆ ಆಗ 60 ವರ್ಷ. ಕೆಸರಲ್ಲಿ ಜಾರಿ ಮೊಣಕಾಲು ಊದಿತ್ತು, ಆ ನೋವು ಇನ್ನೂ ಹೋಗಿಲ್ಲ.

ಕಡಲ_ಕರೆಯವಳು:
ನಮ್ಮ ದಕ್ಷಿಣ ಕನ್ನಡದ ಕತೆ ಬೇರೆ. ಇಲ್ಲಿ ಗುಂಟೆ ಅಲ್ಲ, ಸೆಂಟ್ಸ್. ದಲ್ಲಾಳಿ ನಮಗೆ ಮನೆ, ಬಾವಿ, ಹದಿನಾಲ್ಕು ತೆಂಗಿನ ಮರ, ಹಿಂದೆ ಗುಡ್ಡೆ ಎಲ್ಲಾ ತೋರಿಸಿ "30 ಸೆಂಟ್ಸ್ ಇದೆ ಅಕ್ಕ" ಅಂದರು. ಕಾಗದದಲ್ಲಿ 12. ಕೇಳಿದರೆ "ಉಳಿದದ್ದು ಕುಮ್ಕಿ, ನಿಮ್ಮದೇ ಅಂತ ಇಟ್ಟುಕೊಳ್ಳಿ" ಅಂದರು. ಕುಮ್ಕಿ ಅಂದರೆ ವರ್ಗ ಜಾಗದ (ಸ್ವಂತ ಪಟ್ಟಾ ಜಾಗದ) ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗ. ಸೊಪ್ಪು, ಕಟ್ಟಿಗೆ ತರುವ ಹಕ್ಕು ಮಾತ್ರ, ಮಾರುವ ಹಕ್ಕು ಇಲ್ಲ. ನನ್ನ ಗಂಡ ಮುಂಬೈಯಲ್ಲಿ ಹುಟ್ಟಿ ಬೆಳೆದವರು, ಅವರಿಗೆ ಇದೆಲ್ಲ ಗೊತ್ತಿಲ್ಲ. ನಾನು ಹಟ ಹಿಡಿದು ಅಳತೆ ಮಾಡಿಸಿದೆ. ಬಾವಿ ಪೂರ್ತಿ ಕುಮ್ಕಿಯಲ್ಲಿ, ದನದ ಕೊಟ್ಟಿಗೆ ಅರ್ಧ ಕುಮ್ಕಿಯಲ್ಲಿ. ಕುಡಿಯುವ ನೀರೇ ನಮ್ಮ ಜಾಗದಲ್ಲಿ ಇರಲಿಲ್ಲ! ಅಡ್ವಾನ್ಸ್ 2 ಲಕ್ಷದಲ್ಲಿ 1 ಲಕ್ಷ 40 ಸಾವಿರ ವಾಪಸ್ ಬಂತು, ಉಳಿದದ್ದು ಹೋಯಿತು. ಬೇಸರ ಇಲ್ಲ.

ದಿಶಾಂಕ್_ನೋಡಿ:
ಇಷ್ಟೆಲ್ಲಾ ಯಾಕೆ? ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದ ಮಧ್ಯ ನಿಂತರೆ ಸರ್ವೆ ನಂಬರ್ ತೋರಿಸುತ್ತೆ. ನಾನು ಅದನ್ನೇ ನೋಡಿ ತಗೊಂಡೆ.

ಪರವಾನಗಿ_ಸರ್ವೇಯರ್:
ಅದು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತಿಳಿಯಲು. ಕೆರೆ, ಹಳ್ಳ, ಸರ್ಕಾರಿ ಜಾಗ ಹತ್ತಿರ ಇದೆಯಾ ಅಂತ ನೋಡಲು ಒಳ್ಳೆಯದು. ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗುತ್ತೆ. ಇವರ ತಕರಾರು ಇರುವುದು ಮೂರಡಿಗೆ.

ದಿಶಾಂಕ್_ನೋಡಿ:
ನಿಮ್ಮ ಕೆಲಸ ಹೋಗುತ್ತೆ ಅಂತ ಹೀಗೆ ಹೇಳ್ತೀರಿ ಅಷ್ಟೇ.

ಪರವಾನಗಿ_ಸರ್ವೇಯರ್:
ನಿಮ್ಮ ಕಾಂಪೌಂಡ್ ಕಟ್ಟುವ ದಿನ ಆ ಮೊಬೈಲ್ ಹಿಡಿದು ಗುದ್ದಲಿ ಹಾಕಿಸಿ. ಆಮೇಲೆ ಮಾತಾಡೋಣ.

ಉತಾರ_ಉಂಟು:
ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಸಿಟಿಎಸ್ ನಂಬರ್ (ಪಟ್ಟಣದ ಆಸ್ತಿಯ ಸರ್ವೆ ನಂಬರ್) ಇರುತ್ತೆ, ಉತಾರದ (ಮಾಲೀಕರ ಹೆಸರಿರುವ ದಾಖಲೆ) ಜೊತೆ ನಕ್ಷೆ ಸಿಗುತ್ತೆ. ಅಷ್ಟಿದ್ದೂ ನಾನು ಸಿಕ್ಕಿಬಿದ್ದೆ. ಉತಾರದಲ್ಲಿ ಮಾಲೀಕರ ತಾತನ ಹೆಸರೇ ಇತ್ತು. ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರಲಿಲ್ಲ. ಹೆಸರು ಬದಲಾಗದೆ ಅಳತೆಗೆ ಅರ್ಜಿ ಹಾಕುವವರು ಯಾರು? ಮಾಲೀಕರಿಗೆ ಮೂರು ಜನ ಅತ್ತೆಯರು, ಒಬ್ಬರು ಸೊಲ್ಲಾಪುರದಲ್ಲಿ. ಅವರ ಸಹಿಗೆ ನಾನೇ ಟಿಕೆಟ್ ತೆಗೆದು ಕರೆಸಿದೆ. ಬಂದವರು "ನನ್ನ ಪಾಲು ಎಷ್ಟು" ಅಂತ ಕೇಳಿದರು. ಅಲ್ಲಿಗೆ ವ್ಯಾಪಾರ ನಿಂತಿತು. ಬ್ಯಾಂಕಿನ ಸಾಲ ಮಂಜೂರಾಗಿತ್ತು, ಅವಧಿ ಮುಗಿದು ಮತ್ತೆ ಅರ್ಜಿ, ಮತ್ತೆ ಪ್ರೊಸೆಸಿಂಗ್ ಫೀಸು 11,800.

ಟೋಟಲ್_ಸ್ಟೇಷನ್:
ಬ್ಯಾಂಕಿನವರು ಒಬ್ಬರನ್ನು ಕಳಿಸುತ್ತಾರಲ್ಲ, ಅವರು ಅಳೆಯಲಿಲ್ವಾ?

ಉತಾರ_ಉಂಟು:
ಅವರು ಬಂದಿದ್ದು ಹತ್ತು ನಿಮಿಷ. ಮನೆ ಮುಂದೆ ನಿಂತು ನಾಲ್ಕು ಫೋಟೋ ತೆಗೆದರು. ಅವರು ನೋಡುವುದು ಮನೆಯ ಬೆಲೆ, ನಿಮ್ಮ ಗಡಿಯಲ್ಲ. "ಬ್ಯಾಂಕು ಒಪ್ಪಿದೆ, ಇನ್ನೇನು" ಅಂತ ನಂಬಿ ನಾನೂ ಮೂರು ತಿಂಗಳು ಕಳೆದೆ.

ಹೊಸಿಲು_83:
ಎಲ್ಲರಿಗೂ ಧನ್ಯವಾದ. ಆದರೆ ನನ್ನದು ಗ್ರಾಮಠಾಣಾ. ಅದರ ಬಗ್ಗೆ ಯಾರಾದರೂ ಹೇಳ್ತೀರಾ? ಅಡ್ವಾನ್ಸ್ ಕರಾರಿನ ಗಡುವು ಇನ್ನು 40 ದಿನ ಇದೆ.

ಪರವಾನಗಿ_ಸರ್ವೇಯರ್:
ಮಾಲೀಕರ ಹೆಸರಲ್ಲಿ ಇ-ಸ್ವತ್ತು ನಮೂನೆ 9 (ಪಂಚಾಯಿತಿ ಕಂಪ್ಯೂಟರಿನಲ್ಲಿ ಕೊಡುವ ಆಸ್ತಿ ದಾಖಲೆ) ಆಗಿದೆಯಾ ಮೊದಲು ಕೇಳಿ. ಆಗಿಲ್ಲದಿದ್ದರೆ ಅದಕ್ಕೆ ಅವರೇ ಪಂಚಾಯಿತಿಗೆ ಅರ್ಜಿ ಕೊಡಬೇಕು. ಅಲ್ಲಿಂದ ಮೋಜಿಣಿಗೆ ಬರುತ್ತೆ, ಸರ್ವೇಯರ್ ಬಂದು ಅಳೆದು ನಕ್ಷೆ ಕೊಡುತ್ತಾರೆ. ಊರಲ್ಲಿ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ ಆಗಿದೆಯಾ ಅಂತಲೂ ವಿಚಾರಿಸಿ. ಡ್ರೋನ್ ಹಾರಿಸುವ ಮೊದಲು ಮನೆಗಳ ಸುತ್ತ ಸುಣ್ಣದ ಗೆರೆ ಹಾಕಿದ್ದು ಊರಿನವರಿಗೆ ನೆನಪಿರುತ್ತೆ. ಆಗಿದ್ದರೆ ಆ ನಕ್ಷೆಯಲ್ಲಿ ಹಿತ್ತಲ ಗೆರೆ ಎಲ್ಲಿದೆ ನೋಡಿ. ಅದು ಇವತ್ತಿನ ಸ್ವಾಧೀನ ತೋರಿಸುತ್ತೆ, ಹಳೇ ಪತ್ರದ 40 ಅಡಿಯನ್ನಲ್ಲ. 40 ದಿನದಲ್ಲಿ ಇದೆಲ್ಲ ಮುಗಿಯುತ್ತೆ ಅಂತ ನಾನು ಮಾತು ಕೊಡಲ್ಲ. ಗಡುವು ಮುಂದಕ್ಕೆ ಹಾಕಿಸಿ, ಕರಾರಿನಲ್ಲೇ ಬರೆಸಿ.

ಕೋರ್ಟು_ಕಂಡವ:
ಬರೆಸುವಾಗ "ಅಳತೆಯಲ್ಲಿ ಕಡಿಮೆ ಬಂದರೆ ಬೆಲೆಯಲ್ಲಿ ಅಷ್ಟು ಕಡಿತ" ಅನ್ನುವ ಸಾಲೂ ಇರಲಿ. ನನಗೆ ಈ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಟೋಟಲ್_ಸ್ಟೇಷನ್:
ಅಂತೂ ನನ್ನ ದಾರಿಗೇ ಬಂದಿರಿ. ನಾನು ಮೊದಲೇ ಹೇಳಿದ್ದು ಬೆಲೆ ಇಳಿಸಿ ಅಂತ.

ಕೋರ್ಟು_ಕಂಡವ:
ನೀವು ಹೇಳಿದ್ದು 180 ಚದರ ಅಡಿಗೆ. ಅದನ್ನು ಕೇಳಿಕೊಂಡು ಹೋಗಿದ್ದರೆ ಇವರು ಮಾಲೀಕರ ಮುಂದೆ ಮುಖ ತಗ್ಗಿಸಬೇಕಿತ್ತು.

ಕಡಲ_ಕರೆಯವಳು:
ಇಬ್ಬರೂ ಸ್ವಲ್ಪ ಸುಮ್ನಿರಿ. ಹೊಸಿಲು ಅವರೇ, ನೀರು ಎಲ್ಲಿಂದ ಬರುತ್ತೆ ಆ ಮನೆಗೆ? ಬಾವಿಯೋ ಬೋರೋ ಇದ್ದರೆ ಅದು ಆ 37 ಅಡಿಯ ಒಳಗಿದೆಯಾ?

ಹೊಸಿಲು_83:
ಬೋರ್ ಹಿತ್ತಲಲ್ಲಿ, ಪಕ್ಕದವರ ಬೇಲಿಗೆ ತಾಗಿಕೊಂಡೇ ಇದೆ ಅಕ್ಕ. ಅದನ್ನು ಯೋಚಿಸಿಯೇ ಇರಲಿಲ್ಲ. ಭಾನುವಾರ ಮತ್ತೆ ಟೇಪ್ ಹಿಡಿದು ಹೋಗುತ್ತೇವೆ.