ರಿಕ್ ವಾನ್ ಸ್ಟೀನ್‌ಬರ್ಗನ್ ಟೂರ್ ದ ಫ್ರಾನ್ಸ್ ಯಾಕೆ ಗೆಲ್ಲಲಿಲ್ಲ?

ಹದಡಿ ರೋಡ್ ರೈಡರ್ (ದಾವಣಗೆರೆ):
ಭಾನುವಾರ ಹೈವೇ ಹಿಡಿದು ದುರ್ಗದ ಕಡೆ ಸೈಕಲ್ ಹೊಡೆಯುವ ನಮ್ಮ ಗುಂಪಿನಲ್ಲಿ ಒಂದು ವಾದ ಮುಗಿಯುತ್ತಲೇ ಇಲ್ಲ. ಬೆಲ್ಜಿಯಂನ ರಿಕ್ ವಾನ್ ಸ್ಟೀನ್‌ಬರ್ಗನ್ ಬಗ್ಗೆ. 1949, 1956, 1957, ಮೂರು ಸಲ ವಿಶ್ವ ಚಾಂಪಿಯನ್. ಒಂದೇ ದಿನದ ದೊಡ್ಡ ರೇಸ್‌ಗಳಲ್ಲಿ ಟೂರ್ ಆಫ್ ಫ್ಲಾಂಡರ್ಸ್ ಎರಡು ಸಲ, ಪ್ಯಾರಿಸ್-ರೂಬೆ ಎರಡು ಸಲ, ಮಿಲಾನ್-ಸಾನ್ ರೆಮೊ ಒಂದು ಸಲ. ಇಷ್ಟೆಲ್ಲ ಗೆದ್ದವನು ಮೂರು ವಾರದ ಟೂರ್ ದ ಫ್ರಾನ್ಸ್‌ನಲ್ಲಿ ಮಾತ್ರ ನಾಲ್ಕು ಹಂತ (ಒಂದೊಂದು ದಿನದ ಓಟ) ಗೆದ್ದು ಸುಮ್ಮನಾದ. ದುಡ್ಡಿನ ಆಸೆಗೆ ಪ್ರತಿಭೆ ಹಾಳು ಮಾಡಿಕೊಂಡ ಅಂತಾನೆ ನನ್ನ ಗೆಳೆಯ. ನಿಜಾನಾ?

ಕೋಟೆ ಸುತ್ತುವ ಸೈಕಲ್ (ಚಿತ್ರದುರ್ಗ):
ದುಡ್ಡು ಅನ್ನುವುದು ನಿಜ. ಹಾಳು ಮಾಡಿಕೊಂಡ ಅನ್ನುವುದು ಅನ್ಯಾಯ. ಆ ಕಾಲದಲ್ಲಿ ಸೈಕಲ್ ರೇಸಿನವರ ಸಂಪಾದನೆ ಸಂಬಳದಿಂದಷ್ಟೇ ಬರುತ್ತಿರಲಿಲ್ಲ. ಹೆಸರಿದ್ದವರಿಗೆ ರೇಸಿಗೆ ಬಂದು ನಿಂತರೇ ದುಡ್ಡು ಕೊಡುತ್ತಿದ್ದರು. ಬೆಲ್ಜಿಯಂನಲ್ಲಿ ಬೇಸಿಗೆಯಿಡೀ ಊರೂರ ಜಾತ್ರೆಗೆ ಒಂದೊಂದು ರೇಸ್ ಇರುತ್ತಿತ್ತು, ನಿಮ್ಮ ದುಗ್ಗಮ್ಮನ ಜಾತ್ರೆಗೆ ಹೆಸರಾಂತ ಪೈಲ್ವಾನರನ್ನು ಕರೆಸಿ ಕುಸ್ತಿ ಆಡಿಸುತ್ತಾರಲ್ಲ, ಹಾಗೆ. ಚಳಿಗಾಲ ಬಂತೆಂದರೆ ಆರು ದಿನದ ರೇಸ್. ಚಾವಣಿ ಕೆಳಗೆ ಮರದ ಟ್ರ್ಯಾಕ್, ಇಬ್ಬರದು ಒಂದು ಜೋಡಿ. ಒಬ್ಬ ಸುಸ್ತಾದರೆ ಇನ್ನೊಬ್ಬನ ಕೈ ಹಿಡಿದು ಮುಂದಕ್ಕೆ ಎಸೆಯುತ್ತಾನೆ. ಜನ ಬಿಯರ್ ಕುಡಿಯುತ್ತಾ ಮಧ್ಯರಾತ್ರಿ ದಾಟಿದರೂ ಕೂತು ನೋಡುತ್ತಾರೆ. ಇಂಥ ರೇಸನ್ನು ರಿಕ್ 40 ಸಲ ಗೆದ್ದ. ಚಳಿಗಾಲದಲ್ಲೂ ಬಿಡುವಿಲ್ಲದವನು ಜುಲೈನಲ್ಲಿ ಮೂರು ವಾರ ಬೆಟ್ಟ ಹತ್ತೋಕೆ ಮೈ ಎಲ್ಲಿ ಉಳಿಸಿಕೊಳ್ಳಬೇಕು?

ಎದುರುಗಾಳಿ:
ದುಡ್ಡೊಂದನ್ನೇ ಹೇಳಿದರೆ ಅರ್ಧ ಕಥೆ ಆಗುತ್ತೆ ಅಣ್ಣ. ಆತ ದೊಡ್ಡ ಆಳು. ಕೊನೆಯ 200 ಮೀಟರ್‌ನಲ್ಲಿ ಆ ಮೈಕಟ್ಟು ವರ, ಆಲ್ಪ್ಸ್‌ನಲ್ಲಿ ಅದೇ ಭಾರ. ಆದರೂ ಆಗಲ್ಲ ಅನ್ನುವ ಹಾಗೂ ಇಲ್ಲ, ಯಾಕೆಂದರೆ ಅಂಥದ್ದೇ ಮೂರು ವಾರದ ಇಟಲಿ ಟೂರ್‌ನಲ್ಲಿ 1951ರಲ್ಲಿ ಎರಡನೇ ಸ್ಥಾನ ಬಂದಿದ್ದ, ಗೆದ್ದ ಮಾಗ್ನಿಗಿಂತ ಬರೀ 1 ನಿಮಿಷ 46 ಸೆಕೆಂಡ್ ಹಿಂದೆ. ಇಟಲಿಯ ದಿಗ್ಗಜ ಕೊಪ್ಪಿ ಆ ಸಲ ಇವನ ಹಿಂದೆ! ನನಗೆ ಅನ್ನಿಸುವುದು, ಆಗಬಹುದು ಅಂತ ಅವನಿಗೇ ಗೊತ್ತಿತ್ತು, ಲೆಕ್ಕ ಹಾಕಿದಾಗ ಲಾಭ ಕಾಣಲಿಲ್ಲ ಅಷ್ಟೇ. ಟೂರ್ ದ ಫ್ರಾನ್ಸ್‌ನಲ್ಲಿ ಆಗ ಸಂಬಳ ಕೊಡುವ ಕಂಪನಿಗಳ ತಂಡಕ್ಕೆ ಜಾಗವೇ ಇರಲಿಲ್ಲ, ದೇಶದ ತಂಡದಲ್ಲೇ ಓಡಬೇಕಿತ್ತು.

ಅವನ ಜೊತೆಯವನೇ ಸ್ಟಾನ್ ಓಕರ್ಸ್ ಬೇರೆ ದಾರಿ ಹಿಡಿದ. ಸಣ್ಣ ಆಳು, ಟೂರ್‌ನಲ್ಲಿ 1950 ಮತ್ತು 1952ರಲ್ಲಿ ಎರಡನೇ ಸ್ಥಾನ, 1955ರಲ್ಲಿ ವಿಶ್ವ ಚಾಂಪಿಯನ್. ಮುಂದಿನ ವರ್ಷ ಆಂಟ್ವರ್ಪ್‌ನ ಒಳಾಂಗಣ ಟ್ರ್ಯಾಕ್‌ನಲ್ಲಿ ಬಿದ್ದು ತೀರಿಕೊಂಡ. ಟ್ರ್ಯಾಕ್ ದುಡ್ಡು ಸುಲಭದ ದುಡ್ಡು ಅನ್ನುವವರು ಇದನ್ನೂ ನೋಡಬೇಕು.

ಹದಡಿ ರೋಡ್ ರೈಡರ್:
ಓಕರ್ಸ್ ವಿಷಯ ಗೊತ್ತೇ ಇರಲಿಲ್ಲ. ಗೆಳೆಯನಿಗೆ ಈ ಲಿಂಕ್ ಕಳಿಸುತ್ತೇನೆ, ಒಪ್ಪುವುದು ಡೌಟು. ರಿಕ್‌ನ ಒಂದೇ ಒಂದು ರೇಸ್ ಬಗ್ಗೆ ಓದಬೇಕು ಅಂದರೆ ಯಾವುದು?

ಕೋಟೆ ಸುತ್ತುವ ಸೈಕಲ್:
ಜನ 1944ರ ಫ್ಲಾಂಡರ್ಸ್ ಅಂತಾರೆ. ಜರ್ಮನರು ದೇಶ ಹಿಡಿದು ಕೂತಿದ್ದಾಗ 19ನೇ ವಯಸ್ಸಿಗೆ ಗೆದ್ದದ್ದು. ನಾನು 1952ರ ಪ್ಯಾರಿಸ್-ರೂಬೆ ಅನ್ನುತ್ತೇನೆ. ಕಲ್ಲು ಹಾಸಿನ ರಸ್ತೆಯಲ್ಲಿ ಕೊಪ್ಪಿ ಏನೇ ಮಾಡಿದರೂ ಇವನನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ಕೊನೆಗೆ ರೂಬೆಯ ಟ್ರ್ಯಾಕಿಗೆ ಬಂದರು, ಅಲ್ಲಿ ಸ್ಪ್ರಿಂಟ್ ಹೊಡೆದು ರಿಕ್ ಗೆದ್ದ. ಟ್ರ್ಯಾಕ್ ಅಂದರೆ ಅವನ ಮನೆ ಅಂಗಳ, ಅಲ್ವಾ. ಅದೇ ವರ್ಷ ಕೊಪ್ಪಿ ಇಟಲಿ ಟೂರ್, ಫ್ರಾನ್ಸ್ ಟೂರ್ ಎರಡನ್ನೂ ಗೆದ್ದ ಅನ್ನುವುದನ್ನೂ ನಿಮ್ಮ ಗೆಳೆಯನಿಗೆ ಹೇಳಿ.