ನಮ್ಮ ವಾಡೆಯಲ್ಲಿ ಇಂಥ ಪತ್ತೇದಾರಿ ಕಥೆ ನಡೆಯುತ್ತಾ?

ಗದಗ ಪ್ಯಾಸೆಂಜರ್:
ಹಳೇ ದೊಡ್ಡ ಮನೆ, ಅದರಲ್ಲೊಂದು ಕುಟುಂಬ, ಯಾರೋ ಮುಚ್ಚಿಟ್ಟ ಗುಟ್ಟು, ಆಮೇಲೊಂದು ಹೆಣ. ಈ ಥರದ ಇಂಗ್ಲಿಷ್ ಕಾದಂಬರಿ ಸಿಕ್ಕರೆ ನಾನು ಊಟ ಬಿಟ್ಟು ಓದುತ್ತೇನೆ. ಈಗ ನಾನೇ ಒಂದು ಬರೆಯೋಣ ಅಂತ ಹೊರಟಿದ್ದೇನೆ, ನರಗುಂದದ ಕಡೆ ದೇಸಾಯರ ವಾಡೆಯಲ್ಲಿ ನಡೆಯುವ ಹಾಗೆ. ಆದರೆ ಇಂಗ್ಲೆಂಡಿನ ಆ ಬಂಗಲೆಗಳಲ್ಲಿ ಒಬ್ಬೊಬ್ಬರಿಗೂ ಒಂದು ಕೋಣೆ, ಬಾಗಿಲು ಹಾಕಿಕೊಂಡರೆ ಮುಗೀತು. ನಮ್ಮಲ್ಲಿ ಪಡಸಾಲೆ ತುಂಬ ಜನ ಮಲಗಿರುತ್ತಾರೆ, ರಾತ್ರಿ ನೀರು ಕುಡಿಯೋಕೆ ಎದ್ದರೂ ಯಾರಾದರೂ ‘ಯಾರದು?’ ಅಂತಾರೆ. ಇಂಥ ಮನೆಯಲ್ಲಿ ಗುಟ್ಟು ಉಳಿಯೋದಾದರೂ ಹೇಗೆ? ಓದಿದವರು, ವಾಡೆಯಲ್ಲಿ ಬೆಳೆದವರು ಸ್ವಲ್ಪ ಹೇಳಿ.

ಸಪ್ತಾಪುರದವಳು:
ಉಳಿಯುತ್ತೆ, ಚೆನ್ನಾಗೇ ಉಳಿಯುತ್ತೆ. ನಾನು ಅಂಥ ಮನೆಗೆ ಸೊಸೆಯಾಗಿ ಹೋದವಳು. ದೇವರ ಕೋಣೆ ಪಕ್ಕದ ಗೋಡೆ ಮೇಲೆ ಹಿರಿಯರ ಫೋಟೋ ಸಾಲಾಗಿ ಇದ್ದವು, ನಡುವೆ ಒಂದು ಕಡೆ ಬರೀ ಮೊಳೆ. ಇಲ್ಲಿ ಯಾರ ಫೋಟೋ ಇತ್ತು ಅಂತ ಕೇಳಿದರೆ ನಮ್ಮ ಅತ್ತೆ ‘ಚಾ ಆರ್ತದ, ಕುಡಿ’ ಅಂದರು. ಮನೆಯ ಎಲ್ಲರಿಗೂ ಗೊತ್ತು, ಕೆಲಸದವರಿಗೂ ಗೊತ್ತು, ನನಗೊಬ್ಬಳಿಗೇ ಇಲ್ಲ. ಅಲ್ಲಿ ಗುಟ್ಟನ್ನು ಒಬ್ಬ ಮುಚ್ಚಿಡುತ್ತಾನೆ, ಇಲ್ಲಿ ಎಲ್ಲರೂ ಸೇರಿ ಮುಚ್ಚಿಡುತ್ತಾರೆ. ನಿಮ್ಮ ಪತ್ತೇದಾರ ಹೊಸ ಸೊಸೆಯೇ ಆಗಲಿ ಬಿಡಿ.

ಅಗಾಥಾ ಕ್ರಿಸ್ಟಿಯ ‘ಕ್ರೂಕೆಡ್ ಹೌಸ್’ (1949) ಓದಿಲ್ಲದಿದ್ದರೆ ಮೊದಲು ಅದನ್ನು ಓದಿ. ಮುದುಕ ಯಜಮಾನ, ವಯಸ್ಸಿನಲ್ಲಿ ತೀರಾ ಚಿಕ್ಕವಳಾದ ಎರಡನೇ ಹೆಂಡತಿ, ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಸತ್ತ ಮೊದಲ ಹೆಂಡತಿಯ ಸಹೋದರಿ, ಎಲ್ಲರೂ ಒಂದೇ ಸೂರಿನಡಿ. ಇನ್ಸುಲಿನ್ ಬದಲು ಕಣ್ಣಿನ ಔಷಧಿ ಚುಚ್ಚಿ ಮುದುಕನನ್ನು ಕೊಂದಿರುತ್ತಾರೆ. ಕೊಂದವರು ಯಾರು ಅಂತ ನಾನು ಹೇಳಲ್ಲ.

ಹಳೇ ಪುಸ್ತಕ ಹುಳ:
ಮೇಲಿನವರು ಕೆಲಸದವರ ಮಾತೆತ್ತಿದರಲ್ಲ, ಅಲ್ಲೇ ಇದೆ ಮುಖ್ಯ ವಿಷಯ. 1860ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ರೋಡ್ ಹಿಲ್ ಹೌಸ್ ಅನ್ನೋ ಮನೆಯಲ್ಲಿ ಮೂರು ವರ್ಷದ ಹುಡುಗನ ಕೊಲೆಯಾಯಿತು. ಲಂಡನ್ನಿನಿಂದ ಬಂದ ಪತ್ತೇದಾರ ವಿಚರ್ ಹಿಡಿದ ಸುಳಿವು ಏನು ಗೊತ್ತಾ? ಒಗೆಯೋ ಬಟ್ಟೆಯ ಲೆಕ್ಕದಲ್ಲಿ ಕಡಿಮೆಯಾದ ಒಂದು ನೈಟ್‌ಗೌನ್. ಅವನಿಗೆ ಅನುಮಾನ ಇದ್ದದ್ದು ಹುಡುಗನ ಮಲಅಕ್ಕ ಕಾನ್‌ಸ್ಟನ್ಸ್ ಮೇಲೆ. ದೊಡ್ಡ ಮನೆಯ ಹುಡುಗಿ ಮೇಲೆ ಆಪಾದನೆಯಾ ಅಂತ ಜನ ಅವನಿಗೇ ಬೈದರು, ಪುರಾವೆನೂ ಸಾಲಲಿಲ್ಲ. 1865ರಲ್ಲಿ ಅವಳೇ ಒಪ್ಪಿಕೊಂಡಳು. ಆ ನೈಟ್‌ಗೌನ್ ಸುಳಿವು ವಿಲ್ಕಿ ಕಾಲಿನ್ಸ್‌ನ ‘ಮೂನ್‌ಸ್ಟೋನ್’ಗೆ (1868) ಬಂತು. ಅದರಲ್ಲಿ ಕಥೆಯ ದೊಡ್ಡ ಪಾಲು ಹೇಳೋದೇ ಮನೆಯ ಹಳೇ ಕಾರಭಾರಿ. ನಿಮ್ಮ ವಾಡೆಗೂ ಒಬ್ಬ ಕಾರಭಾರಿ ಬೇಕೇ ಬೇಕು.

ಬ್ಯಾಡಗಿ ಖಾರ:
ಕೊಲೆಗೆ ವಿಷ ಪಿಸ್ತೂಲು ಯಾಕ್ರೀ, ಹಗೇವು ಇಲ್ವಾ? ನೆಲದಡಿಯ ಆ ಗುಂಡಿಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಉಸಿರಾಡೋ ಗಾಳಿ ಇರಲ್ಲ, ಕಾಳೇ ಅದನ್ನು ತಿಂದುಬಿಟ್ಟಿರುತ್ತೆ. ಅದಕ್ಕೇ ಬಾಯಿ ತೆಗೆದು ಬಹಳ ಹೊತ್ತು ಬಿಡಬೇಕು, ದೀಪ ಇಳಿಸಿ ನೋಡಬೇಕು, ಆರಿದರೆ ಯಾರೂ ಇಳಿಯಂಗಿಲ್ಲ. ಊರಿನ ಹುಡುಗರಿಗೂ ಇದು ಗೊತ್ತು. ಮುಂಬೈಯಲ್ಲೋ ಪುಣೆಯಲ್ಲೋ ಬೆಳೆದು ಪಾಲು ಕೇಳೋಕೆ ಬಂದವನಿಗೆ ಗೊತ್ತಿರಲ್ಲ. ಅವನು ಇಳಿಯುವಾಗ ಸುಮ್ನೆ ನಿಂತರೆ ಸಾಕು. ಸಪ್ತಾಪುರದ ಅಕ್ಕಾವರು ಹೇಳಿದ ಹಾಗೆ, ಎಲ್ಲರೂ ಸೇರಿ ಸುಮ್ನಿದ್ದರೆ ಯಾರನ್ನು ಹಿಡಿಯುತ್ತೀರಿ?

ಕಾರಣ ಬೇಕಿದ್ದರೆ ದತ್ತಕ ಇಟ್ಟುಕೊಳ್ಳಿ. ನರಗುಂದದ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳೋಕೆ ಬ್ರಿಟಿಷರು ಒಪ್ಪಲಿಲ್ಲ, 1858ರಲ್ಲಿ ಬಂಡಾಯ ಎದ್ದ. ಮನೆ ಮಟ್ಟದಲ್ಲೂ ಜಗಳ ಸಣ್ಣದೇನಲ್ಲ. ಮುಂಬೈ ಪ್ರಾಂತದ ಹಳೇ ಹಿಂದೂ ಕಾನೂನಿನಲ್ಲಿ, ದತ್ತು ತಂದ ಮೇಲೆ ಸ್ವಂತ ಮಗ ಹುಟ್ಟಿದರೆ ದತ್ತಕನಿಗೆ ಆಸ್ತಿಯ ಐದರಲ್ಲೊಂದು ಪಾಲು ಮಾತ್ರ. ಹಿರಿಯ ಮಗ ಹುಟ್ಟಿದವನೋ ತಂದವನೋ ಅನ್ನೋದರ ಮೇಲೆ ಎಷ್ಟು ಎಕರೆ ಆಚೀಚೆ ಆಗುತ್ತೆ ಲೆಕ್ಕ ಹಾಕಿ. 1956ರಲ್ಲಿ ಕಾಯ್ದೆ ಬದಲಾಯಿತು, ಕಥೆ ಅದಕ್ಕಿಂತ ಮೊದಲು ನಡೆಯಲಿ.

ಹಳೇ ಪುಸ್ತಕ ಹುಳ:
ಹಗೇವು ಭಾರೀ ಆಯ್ತು! ಒಂದೇ ಬೇಡಿಕೆ. ಕೊನೆಗೆ ಅಟ್ಟದ ಟ್ರಂಕಿನಲ್ಲಿ ಪತ್ರ ಸಿಕ್ಕಿತು, ಅದರಲ್ಲಿ ಎಲ್ಲ ಬರೆದಿತ್ತು ಅಂತ ಮಾತ್ರ ಮುಗಿಸಬೇಡಿ. ಅಂಥವನ್ನು ಓದಿ ಓದಿ ಸಾಕಾಗಿದೆ. ದತ್ತಕ ಪತ್ರ ಮೊದಲ ಅಧ್ಯಾಯದಲ್ಲೇ ಎಲ್ಲರ ಕಣ್ಣೆದುರು ಇರಲಿ, ಆದರೆ ಹಿಂದೆ ಮರಾಠಿ ಬರೆಯೋಕೆ ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರಲಿ. ನಮ್ಮ ಕಡೆ ಹಳೇ ಕಾಗದಪತ್ರ ಎಷ್ಟೋ ಮೋಡಿಯಲ್ಲೇ ಇವೆ, ಸೊಸೆಗೆ ಓದೋಕೆ ಬರಲ್ಲ.

ಗದಗ ಪ್ಯಾಸೆಂಜರ್:
ಆಹಾ! ಅಂದರೆ ಅವಳು ಅದನ್ನು ಕಾರಭಾರಿಯಿಂದಲೇ ಓದಿಸಬೇಕು, ಅವನು ತನಗೆ ಬೇಕಾದ ಹಾಗೆ ಓದಿ ಹೇಳಬಹುದು. ಕಥೆ 1948ಕ್ಕೆ ಇಡುತ್ತೇನೆ. ಅಕ್ಕಾವರೇ, ಆ ಮೊಳೆ ನನ್ನ ಕಥೆಗೆ ತೆಗೆದುಕೊಳ್ಳಲಾ?

ಸಪ್ತಾಪುರದವಳು:
ತಗೊಳ್ಳಿ. ಊರ ಹೆಸರು ಮಾತ್ರ ಬದಲಿಸಿ, ನಮ್ಮ ಅತ್ತೆ ಕಾದಂಬರಿ ಜಾಸ್ತಿ ಓದುತ್ತಾರೆ.